ಶಾಲು ಸಾಕು, ಸಂಬಳ ಕೊಡಿ

ಕಳೆದ ಚಳಿಗಾಲದಲ್ಲಿ ಅಕ್ಕಲಕೋಟೆ ತಾಲ್ಲೂಕಿನ ಒಂದು ಊರಿನಲ್ಲಿ ಸತ್ಕಾರ ಸಮಾರಂಭಕ್ಕೆ ಹೋಗಿದ್ದೆ. ಆಮಂತ್ರಣ ಪತ್ರಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಸೇವಾ ನಿವೃತ್ತಿ ಸತ್ಕಾರ’ ಎಂದು ಅಚ್ಚು ಹಾಕಿಸಿದ್ದರು. ಸತ್ಕಾರಕ್ಕೆ ಕೂತವರು ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಬಾಸ್ಕೆಟ್‌ಬಾಲ್ ಆಡಿದವರು. ಆಮೇಲೆ ಮೂವತ್ತು ವರ್ಷ ಊರ ಹುಡುಗ ಹುಡುಗಿಯರಿಗೆ ಅದನ್ನೇ ಕಲಿಸಿದವರು. ಅವರಿಗೆ ಯಾವ ಶಾಲೆಯಲ್ಲೂ ಕಾಯಂ ಹುದ್ದೆ ಇರಲಿಲ್ಲ. ಒಂದು ವರ್ಷ ಇಲ್ಲಿ ತಾಸಿಗಿಷ್ಟು ಎಂಬ ‘ತಾಸಿಕಾ ತತ್ವ’ದ ಮೇಲೆ, ಇನ್ನೊಂದು ವರ್ಷ ಅಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ, ಮಿಕ್ಕ ವರ್ಷಗಳಲ್ಲಿ ಏನೂ ಇಲ್ಲದೆ. ನೇಮಕಾತಿ ಪತ್ರದ ಮುಖವನ್ನೇ ನೋಡದವರಿಗೆ ನಿವೃತ್ತಿ! ಮದುವೆಯೇ ಆಗದವನಿಗೆ ಲಗ್ನದ ಬೆಳ್ಳಿಹಬ್ಬ ಮಾಡಿದ ಹಾಗೆ.

ಐದು ಜನ ಮಾತಾಡಿದರು. ಮರಾಠಿಯಲ್ಲಿ ಮೂವರು, ಕನ್ನಡದಲ್ಲಿ ಇಬ್ಬರು. ‘ನಿಸ್ವಾರ್ಥ ಸೇವೆ’ ಎಂಬ ಮಾತನ್ನು ಎಣಿಸುತ್ತಾ ಕೂತೆ, ಹದಿನಾಲ್ಕಕ್ಕೆ ಎಣಿಕೆ ತಪ್ಪಿತು. ಶಾಲು ಬಂತು, ತೆಂಗಿನಕಾಯಿ ಬಂತು, ಗಾಜಿನ ಪೆಟ್ಟಿಗೆಯೊಳಗಿನ ಸ್ಮರಣಿಕೆ ಬಂತು. ನನ್ನ ಪಕ್ಕದ ಕುರ್ಚಿಯಲ್ಲಿ ಸರ್ ಅವರ ಮನೆಯವರು ಕೂತಿದ್ದರು. ಚಪ್ಪಾಳೆಯ ಗದ್ದಲದಲ್ಲಿ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: “ಇದು ಹದಿನೆಂಟನೇದ್ರೀ ಅಣ್ಣಾರ. ಹಾಸಾಕ ಆಗಂಗಿಲ್ಲ, ಹೊದಿಯಾಕ ಆಗಂಗಿಲ್ಲ. ಟ್ರಂಕ್ ತುಂಬ್ಯದ.”

ಆ ದಿನದಿಂದ ಈ ಲೇಖನ ಬರೆಯಬೇಕೆಂದು ಕುದಿಯುತ್ತಿದ್ದೇನೆ. ಊರೂರಲ್ಲಿ ನಾವೆಲ್ಲ ಒಪ್ಪಿಕೊಂಡು ಆರಾಮಾಗಿ ಕೂತಿರುವ ಒಂದು ನಂಬಿಕೆ ಇದೆ: ಆಟ ಕಲಿಸುವುದು ಸೇವೆ, ಸೇವೆಗೆ ಹಣ ಕೇಳಬಾರದು, ಕೇಳಿದವನು ಸಣ್ಣವನು, ಕೇಳದವನು ದೇವರಂಥ ಮನುಷ್ಯ. ಕೇಳಲಿಕ್ಕೆ ಎಷ್ಟು ಚೆಂದ! ಆದರೆ ಈ ಹೊಗಳಿಕೆಯಿಂದ ಯಾರ ಖರ್ಚು ಉಳಿಯಿತು ಎಂದು ಲೆಕ್ಕ ಹಾಕಿ ನೋಡಿ. ಶಾಲೆಯ ಆಡಳಿತ ಮಂಡಳಿಯದು ಉಳಿಯಿತು, ಸರ್ಕಾರದ್ದು ಉಳಿಯಿತು, ಪಾಲಕರಾದ ನಮ್ಮದೂ ಉಳಿಯಿತು. ಖರ್ಚಾದದ್ದು ಒಬ್ಬನದೇ. ಅವನನ್ನು ದೇವರು ಎಂದು ಕರೆದದ್ದು ದೇವರಿಗೆ ಹಸಿವಿಲ್ಲ ಎಂಬ ಅನುಕೂಲಕ್ಕಾಗಿ.

ಇಡೀ ದೇಶಕ್ಕೆ ಚಾದರ ಹೊದಿಸಿದ ಊರು ಸೋಲಾಪುರ. ಇಲ್ಲಿನ ಚಾದರಕ್ಕೂ ಟೆರಿ ಟವೆಲ್ಲಿಗೂ ಭೌಗೋಳಿಕ ಗುರುತಿನ ಮನ್ನಣೆ ಇದೆ. ಹೊದಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ, ಒಪ್ಪಿದೆ. ಆದರೆ ಮಗ್ಗದ ಮುಂದೆ ಕೂತವನಿಗೆ “ನೀನು ನೇಯುವುದು ಸೇವೆ, ಈ ವಾರದ ಪಗಾರ ಬೇಡ, ಒಂದು ಹಾರ ತಗೋ” ಎಂದು ಹೇಳಿ ನೋಡಿ! 1930ರಲ್ಲಿ ಬ್ರಿಟಿಷರ ಮಾರ್ಷಲ್ ಲಾಗೇ ಬಗ್ಗದ ಊರು ಇದು. ಅಂಥ ಊರಿನಲ್ಲಿ ಚೆಂಡು ಹಿಡಿದವನ ಬೆವರಿಗೆ ಮಾತ್ರ ಬೆಲೆ ಬೇರೆ ಹೇಗಾಯಿತು?

ಈ ಸೀಮೆಯಲ್ಲಿ ಬದುಕಿದವರಿಗೆ ‘ಮಾನಧನ’ ಎಂಬ ಶಬ್ದ ಗೊತ್ತು. ಮಹಾರಾಷ್ಟ್ರ ಸರ್ಕಾರದ ಕಾಗದಗಳಲ್ಲಿ ಸಂಬಳ ಎನ್ನಲು ಮನಸ್ಸಿಲ್ಲದ ಹಣಕ್ಕೆಲ್ಲ ಅದೇ ಹೆಸರು. ಗಡಿ ದಾಟಿ ಇಂಡಿಗೋ ಆಳಂದಕ್ಕೋ ಹೋದರೆ ಅದು ‘ಗೌರವಧನ’. ಈ ಎರಡು ರಾಜ್ಯಗಳ ಗಡಿ ಜಗಳದ ಬಗ್ಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು ಅರ್ಧ ಶತಮಾನದ ಮೇಲಾಯಿತು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಸೋಲಾಪುರ, ಅಕ್ಕಲಕೋಟೆಯ ಕನ್ನಡ ಪ್ರದೇಶಗಳು ಕರ್ನಾಟಕಕ್ಕೆ ಸೇರಬೇಕೆಂದಾಗ ಎರಡೂ ಕಡೆ ಬಸ್ಸುಗಳಿಗೆ ಮಸಿ ಬಳಿದರು. ಯಾವುದರಲ್ಲೂ ಹೊಂದದ ಈ ಎರಡು ಸರ್ಕಾರಗಳು ಒಂದೇ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು: ಕಲಿಸುವವನಿಗೆ ಮಾನ ಕೊಡೋಣ, ಗೌರವ ಕೊಡೋಣ, ಧನದ ಮಾತು ಮುಂದಿನ ಬಜೆಟ್ಟಿಗೆ ನೋಡೋಣ. ಅಕ್ಕಲಕೋಟೆ ನಮ್ಮದು ಎಂದು ಇಬ್ಬರೂ ಕೂಗುತ್ತಾರೆ. ಅಕ್ಕಲಕೋಟೆಯ ಹುಡುಗಿಗೆ ಲೇ-ಅಪ್ ಹೇಳಿಕೊಟ್ಟವನು ಯಾರವನು ಎಂದು ಕೇಳಿ, ಇಬ್ಬರೂ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ.

ಈಗ ಮುಂಬಯಿಗೆ ಹೋಗಿಬರೋಣ. ಈ ವಿಷಯದ ಬೇರು ಅಲ್ಲಿದೆ.

ದಾರಿ ಮಾತ್ರ ನಮ್ಮ ಸೋಲಾಪುರದಿಂದಲೇ ಶುರು: ಇಲ್ಲಿ ವೊರೊನೊಕೊ ಎಂಬ ಹೆಸರಿನ ಶಾಲೆ ಇದೆ. ಚಿಕ್ಕವನಿದ್ದಾಗ ಅದು ಯಾವುದೋ ರಾಕ್ಷಸನ ಹೆಸರು ಎಂದುಕೊಂಡಿದ್ದೆ. ಅದು ಅಮೆರಿಕನ್ ಮರಾಠಿ ಮಿಷನ್ನಿನವರು ಕಟ್ಟಿದ ಹೆಣ್ಣುಮಕ್ಕಳ ಶಾಲೆ. ವೊರೊನೊಕೊ ಎಂಬ ಊರು ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಹ್ಯಾಂಪ್ಡನ್ ಕೌಂಟಿಯಲ್ಲಿದೆ. ಅದೇ ಕೌಂಟಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಮೇಷ್ಟ್ರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಮೊಳೆ ಹೊಡೆದು, ಹದಿಮೂರು ನಿಯಮ ಬರೆದು, ಹದಿನೆಂಟು ಹುಡುಗರನ್ನು ಆಡಲು ಬಿಟ್ಟ. ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಹೀಗೆ, ಒಬ್ಬ ಸಂಬಳದ ಮೇಷ್ಟ್ರ ಕೆಲಸದ ಪಾಲಾಗಿ. ಚಳಿಗಾಲದಲ್ಲಿ ಒಳಾಂಗಣಕ್ಕೊಂದು ಆಟ ಹುಡುಕು ಎಂದು ಅವನ ಮೇಲಧಿಕಾರಿ ಹೇಳಿದ್ದ, ಅವನು ಹುಡುಕಿದ. ತ್ಯಾಗದ ಮಾತು ಯಾರೂ ಆಡಲಿಲ್ಲ.

ಅದೇ ಮರಾಠಿ ಮಿಷನ್ನಿನ ಕ್ಲಿಫರ್ಡ್ ಮ್ಯಾನ್ಶರ್ಟ್ 1927ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ‘ನೇಬರ್‌ಹುಡ್ ಹೌಸ್’ ತೆರೆದರು. ಸುತ್ತ ಗಿರಣಿ, ಬಂದರುಕಟ್ಟೆ, ಕಸಾಯಿಖಾನೆಗಳ ದುಡಿಮೆಗಾರರ ಚಾಳುಗಳು. ಅಲ್ಲಿನ ಓಣಿಯ ಹುಡುಗರ ಕೈಗೆ ಬಾಸ್ಕೆಟ್‌ಬಾಲ್ ಬಂತು. ಬಚ್ಚೂ ಖಾನ್ ಎಂಬ ತರಬೇತುದಾರರು ಅವರನ್ನು ತಿದ್ದಿದರು. ಇಂದು ನಾಗಪಾಡಾದ ಮೈದಾನಕ್ಕೆ ಅವರದೇ ಹೆಸರು. ಆ ಓಣಿಯಿಂದ ಬಂದವರು ಗುಲಾಂ ಅಬ್ಬಾಸ್ ಮುಂತಸಿರ್: ಭಾರತ ತಂಡದ ನಾಯಕ, 1970ರ ಅರ್ಜುನ ಪ್ರಶಸ್ತಿ ವಿಜೇತ. ಆಟ ಮುಗಿದ ಮೇಲೆ ಅವರು ಹೋದದ್ದೆಲ್ಲಿಗೆ? ಅದೇ ನಾಗಪಾಡಾಕ್ಕೆ. ದಶಕಗಟ್ಟಲೆ ಅಲ್ಲಿನ ಹುಡುಗರ ಜೊತೆಯೇ ಇದ್ದರು. ಬಾಸ್ಕೆಟ್‌ಬಾಲ್ ಆಟಗಾರ ದೀರ್ಘಕಾಲದ ತರಬೇತುದಾರನಾಗುವುದೆಂದರೆ ಏನೆಂದು ತಿಳಿಯಬೇಕಿದ್ದರೆ ಮಹಾರಾಷ್ಟ್ರದಲ್ಲಿ ಮೊದಲು ನೋಡಬೇಕಾದ್ದು ಈ ಬದುಕನ್ನು. ಬಚ್ಚೂ ಖಾನರ ಕೈಯಿಂದ ಮುಂತಸಿರರ ಕೈಗೆ, ಅವರ ಕೈಯಿಂದ ಮುಂದಿನವರಿಗೆ ಒಂದು ಪಾಸ್.

ಇದಿಷ್ಟನ್ನು ಹೇಳಿ “ನೋಡಿ, ಎಂಥ ನಿಸ್ವಾರ್ಥ ಸೇವೆ!” ಎಂದು ಕಣ್ಣೊರೆಸಿಕೊಳ್ಳುವವರು ಅದೇ ಕಟ್ಟಡದ ಇನ್ನೊಂದು ಕಥೆಯನ್ನು ಮರೆತಿರುತ್ತಾರೆ. 1936ರಲ್ಲಿ ಅದೇ ನಾಗಪಾಡಾದಲ್ಲಿ ಅದೇ ಮ್ಯಾನ್ಶರ್ಟ್ ಅವರ ಮುಂದಾಳತ್ವದಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಶುರುವಾಯಿತು. ಇಂದಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ ಬೆಳೆದದ್ದು ಅದರಿಂದ. ಬಡವರ ನಡುವೆ ಕೆಲಸ ಮಾಡುವುದು ದಾನಧರ್ಮದ ಹವ್ಯಾಸವಲ್ಲ, ಅದೊಂದು ವೃತ್ತಿ, ಅದನ್ನು ಓದಿ ಕಲಿಯಬೇಕು ಎಂದು ಭಾರತಕ್ಕೆ ಮೊದಲು ಹೇಳಿಕೊಟ್ಟ ಶಾಲೆ ಅದು. ಅಲ್ಲಿಂದ ಕಲಿತು ಬಂದವರು ಕಾರ್ಖಾನೆ, ಆಸ್ಪತ್ರೆ, ಸರ್ಕಾರಗಳಲ್ಲಿ ಸಂಬಳದ ಹುದ್ದೆ ಹಿಡಿದರು. ಯಾರೂ ಅವರನ್ನು ಸ್ವಾರ್ಥಿಗಳು ಎನ್ನಲಿಲ್ಲ. ಒಂದೇ ಸೂರಿನ ಕೆಳಗೆ ಎರಡು ಕೆಲಸ ಹುಟ್ಟಿದವು. ಸಮಾಜಕಾರ್ಯ ವೃತ್ತಿಯಾಯಿತು, ಚೆಂಡು ಕಲಿಸುವುದು ಸೇವೆಯಾಗಿಯೇ ಉಳಿಯಿತು. ತೊಂಬತ್ತು ವರ್ಷವಾಗುತ್ತ ಬಂದರೂ ನಮಗೆ ಇದರಲ್ಲಿ ಯಾವ ವಿಚಿತ್ರವೂ ಕಾಣುತ್ತಿಲ್ಲ!

ಸೇವೆಯ ಕಥೆಗಳೆಂದು ನಾವು ಹೇಳಿಕೊಳ್ಳುವವುಗಳನ್ನು ಸ್ವಲ್ಪ ಕೆದಕಿ ನೋಡಿ. ಸಚಿನ್ ತೆಂಡೂಲ್ಕರರನ್ನು ತಿದ್ದಿದ ರಮಾಕಾಂತ ಆಚ್ರೇಕರ್ ಸ್ಟೇಟ್ ಬ್ಯಾಂಕಿನ ನೌಕರಿಯಲ್ಲಿದ್ದವರು. ಪಿ.ಟಿ. ಉಷಾ ಅವರನ್ನು ಗುರುತಿಸಿದ ಒ.ಎಂ. ನಂಬಿಯಾರ್ ವಾಯುಪಡೆಯಲ್ಲಿ ಕೆಲಸ ಮಾಡಿ, ಆಮೇಲೆ ಕೇರಳದ ಸರ್ಕಾರಿ ಕ್ರೀಡಾಶಾಲೆಗೆ ತರಬೇತುದಾರರಾಗಿ ಬಂದವರು. ಛತ್ತೀಸಗಢದ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲನ್ನು ದೇಶದ ಮುಂಚೂಣಿಗೆ ತಂದ ರಾಜೇಶ್ ಪಟೇಲ್ ಭಿಲಾಯಿ ಉಕ್ಕಿನ ಕಾರ್ಖಾನೆಯವರು. ಇವರೆಲ್ಲರ ಬೆನ್ನ ಹಿಂದೆ ತಿಂಗಳ ಮೊದಲ ತಾರೀಕಿಗೆ ಹಣ ಬರುವ ಒಂದು ಹಾಜರಿ ಪುಸ್ತಕ ಇತ್ತು. ಸಂಜೆ ಮೈದಾನದಲ್ಲಿ ನಿಶ್ಚಿಂತೆಯಿಂದ ಶಿಳ್ಳೆ ಊದಲು ಸಾಧ್ಯವಾದದ್ದು ಮನೆಯಲ್ಲಿ ರೊಟ್ಟಿಗೆ ಜೋಳ ಇತ್ತೆಂಬ ಕಾರಣಕ್ಕೆ. ನಾವು ಜೋಳವನ್ನು ಕಥೆಯಿಂದ ತೆಗೆದುಹಾಕಿ ಶಿಳ್ಳೆಯನ್ನು ಮಾತ್ರ ಉಳಿಸಿಕೊಂಡೆವು. ಆಮೇಲೆ ಜೋಳವಿಲ್ಲದವನ ಮುಂದೆ ಹೋಗಿ “ಅವರ ಹಾಗೆ ಆಗು” ಎಂದೆವು.

ಪುಲ್ಲೇಲ ಗೋಪಿಚಂದ್ ಅಕಾಡೆಮಿ ಕಟ್ಟಲು ಮನೆ ಅಡವಿಟ್ಟ ಕಥೆಯನ್ನು ನಾವು ಶಾಲೆಗಳಲ್ಲಿ ಸ್ಫೂರ್ತಿಗೆಂದು ಹೇಳುತ್ತೇವೆ. 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು ಬಂದ ಆಟಗಾರ ಕಲಿಸಲಿಕ್ಕಾಗಿ ಮನೆ ಅಡವಿಡಬೇಕಾಯಿತು ಎಂದರೆ ನಾಚಿಕೆಯಾಗಬೇಕಾದ್ದು ಯಾರಿಗೆ? ಅದನ್ನು ಹೆಮ್ಮೆಯ ಕಥೆಯಾಗಿ ಹೇಳುವ ದೇಶಕ್ಕೆ ನಾಚಿಕೆಯ ಭಾಷೆಯೇ ಬರುವುದಿಲ್ಲವೆ?

“ಗುರು ಸಂಬಳ ಕೇಳುವುದು ನಮ್ಮ ಸಂಸ್ಕೃತಿಯಲ್ಲ” ಎಂದು ಒಬ್ಬರು ಆ ಸತ್ಕಾರದ ವೇದಿಕೆಯ ಮೇಲೇ ಅಂದರು. ಯಾವ ಸಂಸ್ಕೃತಿ ಸ್ವಾಮಿ? ಭಾರತ ಸರ್ಕಾರ 1985ರಿಂದ ತರಬೇತುದಾರರಿಗೆ ಕೊಡುವ ಪ್ರಶಸ್ತಿಗೆ ಹೆಸರಿಟ್ಟದ್ದು ದ್ರೋಣಾಚಾರ್ಯರದು. ಆ ದ್ರೋಣರ ಮನೆಯ ಕಥೆ ಗೊತ್ತಲ್ಲ? ಮಗ ಅಶ್ವತ್ಥಾಮ ಹಾಲು ಬೇಕೆಂದು ಅತ್ತಾಗ ಹಿಟ್ಟು ಕದಡಿದ ನೀರನ್ನು ಹಾಲೆಂದು ಕುಡಿಸಿದರು. ಅದನ್ನು ಕಂಡ ತಂದೆ ಹಳೆಯ ಗೆಳೆಯ ದ್ರುಪದನ ಬಾಗಿಲಿಗೆ ಹೋದ, ಅವಮಾನ ಉಂಡು ಬಂದ. ಹಸ್ತಿನಾವತಿಯಲ್ಲಿ ಭೀಷ್ಮ ಅವನನ್ನು ಕೂರಿಸಿ ಮನೆ, ಧಾನ್ಯ, ಧನ ಕೊಟ್ಟು ನೇಮಿಸಿಕೊಂಡ ಮೇಲೆಯೇ ಅರ್ಜುನನ ಕೈಗೆ ಬಿಲ್ಲು ಬಂದದ್ದು. ಭೀಷ್ಮ ಅವತ್ತು ದ್ರೋಣನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, “ನಿಮ್ಮಂಥ ನಿಸ್ವಾರ್ಥಿಗಳಿಂದಲೇ ದೇಶ ಉಳಿದಿದೆ” ಎಂದು ಕಳಿಸಿದ್ದರೆ? ಕುರುಕ್ಷೇತ್ರದ ತನಕ ಹೋಗುವುದು ಬೇಡ, ಹಕ್ಕಿಯ ಕಣ್ಣಿನ ತನಕವೂ ಕಥೆ ಹೋಗುತ್ತಿರಲಿಲ್ಲ.

ಪ್ರಶಸ್ತಿಯ ಮಾತು ಬಂತು, ಅದರ ಹಣವನ್ನೂ ನೋಡಿಬಿಡೋಣ. 2020ರಲ್ಲಿ ಮೊತ್ತ ಏರಿಸಿದಾಗ ಅರ್ಜುನ ಪ್ರಶಸ್ತಿಗೆ 15 ಲಕ್ಷ ರೂಪಾಯಿ, ದ್ರೋಣಾಚಾರ್ಯಕ್ಕೆ 10 ಲಕ್ಷ ಎಂದಾಯಿತು. ದ್ರೋಣರಿಗೂ 15 ಲಕ್ಷ ಸಿಗಬೇಕಿದ್ದರೆ ಜೀವಮಾನವಿಡೀ ಸವೆಸಿದವರ ವಿಭಾಗಕ್ಕೆ ಸೇರಬೇಕು. ಶಿಷ್ಯ ಒಂದು ಪ್ರಾಯದಲ್ಲಿ ಗಳಿಸಿದ್ದನ್ನು ಮುಟ್ಟಲು ಗುರುವಿಗೆ ಇಡೀ ಆಯುಷ್ಯ ಬೇಕು. ಹಸ್ತಿನಾವತಿಯ ಲೆಕ್ಕಪತ್ರ ಇದಕ್ಕಿಂತ ಚೆನ್ನಾಗಿತ್ತೇನೋ.

ಸಂಬಳ ಕೇಳುವುದು ಸಂಸ್ಕೃತಿಯಲ್ಲ ಎಂಬ ವಾದವನ್ನು ಸೋಲಾಪುರದಲ್ಲಿ ಕೂತು ಮಾಡುವವರಿಗೆ ಇನ್ನೊಂದು ಮಾತಿದೆ. ಇದು ಸಿದ್ಧರಾಮರ ಸೊನ್ನಲಿಗೆ. ಸಂಕ್ರಮಣಕ್ಕೆ ನಂದಿಕೋಲು ಹೊತ್ತು ಕುಣಿಯುವ ಊರು. ಇಲ್ಲಿ ‘ಕಾಯಕ’ ಎಂಬ ಶಬ್ದವನ್ನು ಬಿಟ್ಟಿ ದುಡಿಮೆಗೆ ಹೊದಿಸುವವರ ಧೈರ್ಯ ಮೆಚ್ಚಬೇಕು. ಹನ್ನೆರಡನೆಯ ಶತಮಾನದ ಶರಣರು ಕಾಯಕ ಎಂದಾಗ ಕೂಲಿಯಿಲ್ಲದ ಚಾಕರಿ ಎಂದು ಅರ್ಥವಿರಲಿಲ್ಲ. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿದ, ಮಾರಿ ಬಂದ ಹಣದಲ್ಲಿ ದಾಸೋಹ ಮಾಡಿದ. ಗಳಿಕೆ ಇಲ್ಲದಿದ್ದರೆ ದಾಸೋಹಕ್ಕೆ ಒಲೆ ಹತ್ತುವುದು ಎಲ್ಲಿಂದ? ಆಯ್ದಕ್ಕಿ ಲಕ್ಕಮ್ಮ ಗಂಡನನ್ನು ಗದರಿಸಿದ್ದು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದನೆಂದು. ಅಕ್ಕಿಯೇ ತರಬೇಡ ಎಂದು ಆ ತಾಯಿ ಹೇಳಿರಲಿಲ್ಲ. ನಮ್ಮ ಸಂಸ್ಥೆಗಳ ಪದಾಧಿಕಾರಿಗಳು ಹೇಳುತ್ತಿರುವುದು ಅದನ್ನೇ.

ಇರಲಿ, ಶರಣರನ್ನು ಬಿಟ್ಟು ಬಜಾರಿಗೆ ಬರೋಣ. ಸಾತ್ ರಸ್ತಾದಿಂದ ಹೋಟಗಿ ರಸ್ತೆಯ ತನಕ ತಲೆಯೆತ್ತಿ ನೋಡುತ್ತ ಹೋಗಿ. ಎಲ್ಲ ಫಲಕಗಳ ಮೇಲೂ ಒಂದೇ ಶಬ್ದ: ಕೋಚಿಂಗ್. ಭೌತಶಾಸ್ತ್ರಕ್ಕೆ ಕೋಚಿಂಗ್, ನೀಟ್‌ಗೆ ಕೋಚಿಂಗ್, ಲಾತೂರ್ ಪ್ಯಾಟರ್ನ್ ಕೋಚಿಂಗ್. ಮಗ ಹತ್ತನೇ ತರಗತಿ ದಾಟುವ ಮೊದಲೇ ತಂದೆ ಹೊಲದ ಮೇಲೆ ಸಾಲ ತೆಗೆದು ಅಲ್ಲಿ ಫೀ ಕಟ್ಟುತ್ತಾನೆ. ಆ ತಂದೆಯೇ ಸಂಜೆ ಮೈದಾನಕ್ಕೆ ಬಂದು, ಈ ಶಬ್ದದ ನಿಜವಾದ ಒಡೆಯನ ಮುಂದೆ ನಿಂತು, “ಸರ್, ನಿಮಗೇನು ಕೊಡೋದು, ನೀವು ನಮ್ಮ ಮನೆಯವರಿದ್ದಂಗ” ಎನ್ನುತ್ತಾನೆ. ಮನೆಯವರಾಗುವುದು ಎಷ್ಟು ದುಬಾರಿ ನೋಡಿ! ಭೌತಶಾಸ್ತ್ರದವನು ಪರಕೀಯನಾಗಿಯೇ ಉಳಿದು ಕಾರು ಕೊಂಡ.

ಈಗ ಸ್ವಲ್ಪ ನಿಂತು ಹೇಳಬೇಕಾದ ಸಂಗತಿ. ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ನೆಲಕ್ಕೊಂದಿಷ್ಟು ಸಿಮೆಂಟು, ಎರಡು ಕಂಬ, ಎರಡು ರಿಂಗು, ಒಂದು ಚೆಂಡು. ಇದನ್ನು ಶಾಸಕರ ನಿಧಿಯಿಂದ ಒಂದು ಬೇಸಿಗೆಯಲ್ಲಿ ಕಟ್ಟಬಹುದು. ಕಟ್ಟಿಯೂ ಇದ್ದಾರೆ, ಕಂಬದ ಮೇಲೆ ಹೆಸರನ್ನೂ ಬರೆಸಿದ್ದಾರೆ. ಒಂದು ಬೇಸಿಗೆಯಲ್ಲಿ ಕಟ್ಟಲಾಗದ್ದು ನಂಬಿಕೆ. ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹದಿಮೂರು ವರ್ಷದ ಹುಡುಗಿ ಚಡ್ಡಿ ಹಾಕಿಕೊಂಡು ಸಂಜೆ ಏಳರ ತನಕ ಆಡಬೇಕು, ಭಾನುವಾರ ಎಸ್‌.ಟಿ. ಹಿಡಿದು ಸೋಲಾಪುರಕ್ಕೆ ಪಂದ್ಯಕ್ಕೆ ಹೋಗಬೇಕು, ರಾತ್ರಿ ಬಸ್ ತಪ್ಪಿದರೆ ಸರ್ ಮನೆಯಲ್ಲಿ ಉಳಿಯಬೇಕು. ಇದಕ್ಕೆ ಒಪ್ಪುವ ತಂದೆ ಆಟವನ್ನು ನೋಡಿ ಒಪ್ಪುವುದಿಲ್ಲ. ಅವನಿಗೆ ಆಟದ ಗಂಧ ಇಲ್ಲ. “ನನ್ನ ತಂಗೀನೂ ಇವರ ಕೈಯಾಗೇ ಕಲತಾಳ” ಎಂಬುದೊಂದೇ ಅವನಿಗೆ ಸಾಕು. ಆ ಒಂದು ವಾಕ್ಯ ಹುಟ್ಟಲು ಹದಿನೈದು ಇಪ್ಪತ್ತು ವರ್ಷ ಬೇಕು. ಒಬ್ಬನೇ ಮನುಷ್ಯ ಅದೇ ಮೈದಾನದಲ್ಲಿ ಮುಪ್ಪಾಗಬೇಕು. ದೀರ್ಘ ಸೇವೆ ಎಂದು ಹೂಮಾಲೆಯ ಹೊತ್ತಿಗೆ ನಾವು ಹೊಗಳುವುದು ಇದನ್ನೇ. ಹನ್ನೊಂದು ತಿಂಗಳ ಕರಾರಿನ ಹುಡುಗ, ಮುಂದಿನ ಜೂನ್‌ನಲ್ಲಿ ಪುಣೆಯ ಯಾವುದೋ ಜಿಮ್ಮಿನಲ್ಲಿ ಇರುವವನು, ಇದನ್ನು ಕಟ್ಟಬಲ್ಲನೆ? ಕರಾರಿನ ಕೊನೆಯ ದಿನ ಅವನು ಹೋಗುತ್ತಾನೆ. ಮರುದಿನ ಹುಡುಗಿಯರು ಮನೆಯಲ್ಲಿರುತ್ತಾರೆ. ಹುಡುಗರು ಅದೇ ಅಂಕಣದಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಆಡುತ್ತಾರೆ, ರಿಂಗಿನ ಕಂಬವೇ ಸ್ಟಂಪು.

2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್ ಬಿ ವಿಭಾಗ ಗೆದ್ದರು. ಬದಿಯಲ್ಲಿ ನಿಂತಿದ್ದವರು ಸರ್ಬಿಯಾದ ತರಬೇತುದಾರ ಜೋರಾನ್ ವಿಸಿಚ್. ಅವರ ಜಾಣ್ಮೆಗೆ ನನ್ನ ತಕರಾರಿಲ್ಲ. ಆದರೆ ಆ ಹನ್ನೆರಡು ಹುಡುಗಿಯರಿಗೆ ಎಡಗೈಯಲ್ಲಿ ಚೆಂಡು ಪುಟಿಸಲು ಮೊದಲು ಹೇಳಿಕೊಟ್ಟವರು ಹನ್ನೆರಡು ಊರುಗಳ ಯಾರೋ ಹನ್ನೆರಡು ಸರ್‌ಗಳು, ಮೇಡಂಗಳು. ವಿದೇಶದವರಿಗೆ ಕರಾರುಪತ್ರ, ವಿಮಾನದ ಟಿಕೆಟ್ಟು, ಸಂಬಳ. ಅವರು ಕೇಳಿದರೆ ಅದು ವೃತ್ತಿಪರತೆ. ನಮ್ಮವರು ಕೇಳಿದರೆ ದುರಾಸೆ. ಪಂಜಾಬಿನ ಸತ್ನಾಮ್ ಸಿಂಗ್ 2015ರ ಎನ್‌ಬಿಎ ಡ್ರಾಫ್ಟಿನಲ್ಲಿ 52ನೆಯವನಾಗಿ ಆಯ್ಕೆಯಾದಾಗ ದೇಶವೆಲ್ಲ ಕುಣಿಯಿತು. ಲುಧಿಯಾನಾ ಅಕಾಡೆಮಿಯಲ್ಲಿ ಅವನನ್ನೂ ಅವನಂಥ ಹಲವರನ್ನೂ ರೂಪಿಸಿದ ಎಸ್. ಸುಬ್ರಮಣಿಯನ್ ಅವರ ಹೆಸರನ್ನು ಕುಣಿದವರಲ್ಲಿ ಎಷ್ಟು ಜನ ಕೇಳಿದ್ದರು?

“ಮೂವತ್ತು ವರ್ಷದಾಗ ಎಷ್ಟು ಮಂದಿ ನ್ಯಾಶನಲ್ ಆಡ್ಯಾರ?” ಇದು ಸಂಬಳದ ಮಾತೆತ್ತಿದ ಕೂಡಲೇ ಬರುವ ಪ್ರಶ್ನೆ. ಗಣಿತದ ಮೇಷ್ಟ್ರಿಗೆ ಎಷ್ಟು ರಾಮಾನುಜನ್‌ರನ್ನು ತಯಾರಿಸಿದಿರಿ ಎಂದು ಯಾರೂ ಕೇಳುವುದಿಲ್ಲ. ಆದರೂ ಉತ್ತರ ಕೊಡುತ್ತೇನೆ. ಜಾನ್ ವುಡನ್ ಪರ್ಡ್ಯೂ ವಿಶ್ವವಿದ್ಯಾಲಯದ ಹೆಸರಾಂತ ಆಟಗಾರ. ಲಾಸ್ ಏಂಜಲೀಸಿನ ಯುಸಿಎಲ್‌ಎಗೆ ತರಬೇತುದಾರನಾಗಿ ಬಂದದ್ದು 1948ರಲ್ಲಿ. ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1964ರಲ್ಲಿ, ಹದಿನಾರನೇ ಹಂಗಾಮಿಗೆ. ಅಲ್ಲಿಂದ 1975ರೊಳಗೆ ಹತ್ತು ಪ್ರಶಸ್ತಿ. ಗಂಡಸರ ಕಾಲೇಜು ಆಟದಲ್ಲಿ ಇಂದಿಗೂ ಆ ಸಾಧನೆಯನ್ನು ಯಾರೂ ಮುರಿದಿಲ್ಲ. ಹದಿನೈದು ವರ್ಷ ರಾಷ್ಟ್ರೀಯ ಪ್ರಶಸ್ತಿಯಿಲ್ಲದೆ ಬಂದ ಮನುಷ್ಯನನ್ನು ಆ ವಿಶ್ವವಿದ್ಯಾಲಯ ಸಂಬಳ ಕೊಟ್ಟು ಇಟ್ಟುಕೊಂಡಿತು. ನಮ್ಮ ಸಂಸ್ಥೆಗಳಾಗಿದ್ದರೆ? ಮೂರನೇ ವರ್ಷಕ್ಕೇ ಕಾರ್ಯದರ್ಶಿಯ ಭಾವಮೈದುನನನ್ನು ತಂದು ಕೂರಿಸುತ್ತಿದ್ದರು.

ಖೇಲೋ ಇಂಡಿಯಾ ಕೇಂದ್ರಗಳಲ್ಲಿ ಮಾಜಿ ಚಾಂಪಿಯನ್‌ಗಳನ್ನು ತರಬೇತುದಾರರಾಗಿ ನೇಮಿಸುವ ಪದ್ಧತಿ ಬಂದಿದೆ. ಅವರಿಗೆ ಹಣ ಸಿಗುತ್ತದಲ್ಲ, ಸಂತೋಷ. ಆದರೆ ಒಂದೇ ಒಂದು ಪ್ರಥಮ ದರ್ಜೆ ಪಂದ್ಯ ಆಡಿದ ಆಚ್ರೇಕರ್ ಈ ಜರಡಿಯಲ್ಲಿ ಉಳಿಯುತ್ತಿದ್ದರೇ? ಪದಕ ಗೆಲ್ಲುವುದು ಬೇರೆ, ಹತ್ತು ವರ್ಷದ ಹುಡುಗನ ಕಾಲಿನ ಹೆಜ್ಜೆ ತಪ್ಪಿದ್ದು ಎಲ್ಲಿ ಎಂದು ಕಾಣುವ ಕಣ್ಣು ಬೇರೆ.

ಸಂಬಳ ಕೊಟ್ಟರೆ ನಿಷ್ಠೆ ಹೋಗುತ್ತದೆ ಎನ್ನುವವರು ಪ್ಯಾಟ್ ಸಮಿಟ್ ಅವರ ಕಥೆ ಕೇಳಬೇಕು. 1974ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಟೆನೆಸೀ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ತಂಡಕ್ಕೆ ಮುಖ್ಯ ತರಬೇತುದಾರಳಾದರು. ತಿಂಗಳಿಗೆ 250 ಡಾಲರ್. ತಂಡದ ಬಟ್ಟೆ ತಾವೇ ಒಗೆಯುತ್ತಿದ್ದರು, ವ್ಯಾನ್ ತಾವೇ ಓಡಿಸುತ್ತಿದ್ದರು. ನಮ್ಮ ಸತ್ಕಾರಗಳಿಗೆ ಹೇಳಿ ಮಾಡಿಸಿದ ಕಥೆ! 1976ರ ಒಲಿಂಪಿಕ್ಸ್‌ನಲ್ಲಿ ಆಟಗಾರ್ತಿಯಾಗಿ ಬೆಳ್ಳಿ, 1984ರಲ್ಲಿ ತರಬೇತುದಾರಳಾಗಿ ಚಿನ್ನ. ನಮ್ಮಲ್ಲಾದರೆ ಕಥೆ ಬಟ್ಟೆ ಒಗೆಯುವಲ್ಲಿಗೇ ನಿಲ್ಲುತ್ತಿತ್ತು, ಪ್ರತಿ ವರ್ಷ ಒಂದು ಶಾಲು ಸೇರುತ್ತಿತ್ತು. ಅಲ್ಲಿ ನಿಲ್ಲಲಿಲ್ಲ. 1972ರಲ್ಲಿ ಬಂದ ಟೈಟಲ್ ನೈನ್ ಎಂಬ ಕಾಯಿದೆ, ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎಂದಿತು. ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳ ಆಟಕ್ಕೆ ನಿಧಾನವಾಗಿಯಾದರೂ ಗಂಟು ಬಿಚ್ಚಬೇಕಾಯಿತು. 2006ರ ಹೊತ್ತಿಗೆ ಸಮಿಟ್ ಅವರ ವಾರ್ಷಿಕ ಕರಾರು ಹತ್ತು ಲಕ್ಷ ಡಾಲರ್ ದಾಟಿತು. 2012ರ ತನಕ ಅಲ್ಲೇ ಇದ್ದರು. 38 ಹಂಗಾಮು, 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ಸಂಬಳ ಏರಿದ ಮೇಲೆ ನಿಷ್ಠೆ ಯಾವ ಬಾಗಿಲಿಂದ ಹೋಯಿತು, ಯಾರಾದರೂ ಕಂಡಿರಾ?

ನಮ್ಮ ಕಾಯಿದೆ ಏನನ್ನುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ತೆಗೆದು ನೋಡಿ. ಆರರಿಂದ ಎಂಟನೇ ತರಗತಿಗೆ, ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ‘ಅರೆಕಾಲಿಕ’ ಬೋಧಕರು. ಮಗುವಿನ ಹಕ್ಕನ್ನು ಬರೆದ ಕಾಗದದ ಮೇಲೆಯೇ ಮಗುವಿನ ಮೈ ಅರೆಕಾಲಿಕ! ತೊಂಬತ್ತೊಂಬತ್ತು ಮಕ್ಕಳಿರುವ ಹಳ್ಳಿಯ ಕನ್ನಡ ಶಾಲೆಗೆ ಅದೂ ಇಲ್ಲ. ಗಡಿಭಾಗದ ಕನ್ನಡ ಶಾಲೆಗಳಲ್ಲಿ ಮಕ್ಕಳು ಕರಗುತ್ತಿರುವಾಗ ಈ ನೂರರ ಗೆರೆಯ ಅರ್ಥವೇನು ಎಂದು ಬಿಡಿಸಿ ಹೇಳಬೇಕೆ? ಕನ್ನಡ ಉಳಿಸಿ ಎಂದು ನವೆಂಬರಿನಲ್ಲಿ ಭಾಷಣಕ್ಕೆ ಬರುವವರೇ, ಒಂದು ಬಾಸ್ಕೆಟ್‌ಬಾಲ್ ಅಂಕಣದ ಬಳಿ ಬಂದು ಕಿವಿಗೊಡಿ. “ಎಡಕ್ಕ ಹೊಳ್ಳು”, “ಪಾಸ್ ದೇ ರೇ”, “ಜಲ್ದಿ ಕರೋ”, ನಡುವೆ ಪದ್ಮಶಾಲಿ ಓಣಿಯ ತೆಲುಗು. ಕನ್ನಡದ ಹುಡುಗ ಇಲ್ಲಿ ಕನ್ನಡದಲ್ಲಿ ಬೈಸಿಕೊಂಡು ಕಲಿಯುತ್ತಾನೆ. ಇದಕ್ಕಿಂತ ಒಳ್ಳೆಯ ಕನ್ನಡ ಶಾಲೆ ಯಾವುದಿದೆ?

ಹಾಗಾಗಿ ಕೇಳುತ್ತೇನೆ, ಬೇಡುತ್ತಿಲ್ಲ. ಸೋಲಾಪುರ ಜಿಲ್ಲಾ ಪರಿಷತ್ತು ತಾಲ್ಲೂಕಿಗೊಂದಾದರೂ ಪೂರ್ಣಾವಧಿ ತರಬೇತುದಾರನ ಹುದ್ದೆ ಮಂಜೂರು ಮಾಡಲಿ, ಐದು ವರ್ಷಕ್ಕೆ ಕಡಿಮೆಯಿಲ್ಲದ ಕರಾರು ಇರಲಿ, ಭವಿಷ್ಯ ನಿಧಿ ಇರಲಿ, ಮೊಣಕಾಲು ಹೋದಾಗ ಆಸ್ಪತ್ರೆಯ ಖರ್ಚಿರಲಿ. ಮೊಣಕಾಲು ಹೋಗೇ ಹೋಗುತ್ತದೆ, ಸಿಮೆಂಟಿನ ಮೇಲೆ ಮೂವತ್ತು ವರ್ಷ ಓಡಿದ ಯಾರನ್ನಾದರೂ ಕೇಳಿ. ಕರ್ನಾಟಕ ಸರ್ಕಾರಕ್ಕೆ ಗಡಿಯ ಕನ್ನಡಿಗರ ಮೇಲಿನ ಪ್ರೀತಿ ನಿಜವಾದರೆ ಗಡಿಯ ಸಾಂಸ್ಕೃತಿಕ ಉತ್ಸವಗಳ ಒಂದು ರಾತ್ರಿಯ ಖರ್ಚನ್ನು ಒಬ್ಬ ಸರ್‌ನ ಒಂದು ವರ್ಷದ ಸಂಬಳವಾಗಿ ಬದಲಿಸಲಿ. ಆಡಿ ದೊಡ್ಡವರಾಗಿ ರೈಲ್ವೆ, ಪೊಲೀಸ್, ಬ್ಯಾಂಕು ಸೇರಿದ ಹಳೆಯ ವಿದ್ಯಾರ್ಥಿಗಳೇ, ಕ್ರೀಡಾ ಕೋಟಾ ನಿಮಗೆ ಕೊಟ್ಟದ್ದು ಸರ್ಕಾರ, ಆಟ ಕೊಟ್ಟದ್ದು ಇನ್ನೊಬ್ಬರು. ತಿಂಗಳ ಪಗಾರದಲ್ಲಿ ಅವರ ಪಾಲೆಷ್ಟು ಎಂದು ನೀವೇ ಲೆಕ್ಕ ಹಾಕಿ. ಪಾಲಕರೇ, ಟ್ಯೂಷನ್ನಿಗೆ ಕೊಡುವುದರ ಹತ್ತನೇ ಒಂದು ಭಾಗ ಕೊಡಿ, ರಸೀದಿ ಪಡೆದು ಕೊಡಿ. ರಸೀದಿ ಇದ್ದಲ್ಲಿ ಹಕ್ಕು ಇರುತ್ತದೆ, ಕೈಯಲ್ಲಿ ಮಡಚಿ ಕೊಟ್ಟಲ್ಲಿ ಉಪಕಾರ ಇರುತ್ತದೆ.

ಸರ್‌ಗಳಿಗೆ, ಮೇಡಂಗಳಿಗೆ ನನ್ನ ಕೋರಿಕೆ ಒಂದೇ, ಅದು ಸ್ವಲ್ಪ ಒರಟಾದದ್ದು. ಮುಂದಿನ ಸಲ ಶಾಲು ಹಿಡಿದು ಯಾರಾದರೂ ನಿಮ್ಮ ಹೆಗಲ ಕಡೆ ಬಂದಾಗ ಹೆಗಲು ತಗ್ಗಿಸಬೇಡಿ. ಮೈಕ್ ಕೇಳಿ. ನಿಮಗೆ ಬಾಕಿ ಬರಬೇಕಾದ ತಿಂಗಳುಗಳ ಲೆಕ್ಕ ಓದಿ, ವರ್ಷ ಹೇಳಿ, ಮೊತ್ತ ಹೇಳಿ. ಸಭೆಗೆ ಮುಜುಗರವಾಗಲಿ, ಅಧ್ಯಕ್ಷರು ಗಡಿಯಾರ ನೋಡಿಕೊಳ್ಳಲಿ. ಇಷ್ಟು ವರ್ಷ ನಿಮ್ಮ ಮನೆಯೊಳಗೇ ಇದ್ದ ಮುಜುಗರ ಅದು, ಒಂದು ಸಂಜೆ ವೇದಿಕೆ ಹತ್ತಲಿ.

ಸಂಕ್ರಮಣದ ಹಿಂದಿನ ವಾರಕ್ಕೆ ಇನ್ನೊಂದು ಆಮಂತ್ರಣ ಬಂದಿದೆ. ಈ ಸಲ ಖೋ ಖೋ ಕಲಿಸಿದವರೊಬ್ಬರಿಗೆ. ಪತ್ರಿಕೆಯ ಕೆಳಗೆ ‘ಎಲ್ಲರೂ ಸಮಯಕ್ಕೆ ಸರಿಯಾಗಿ ಬರಬೇಕು’ ಎಂದಿದೆ. ಹೋಗುತ್ತೇನೆ, ಮೊದಲ ಸಾಲಿನಲ್ಲೇ ಕೂರುತ್ತೇನೆ. ಶಾಲು ಬಿಚ್ಚುವ ಮೊದಲು ಎದ್ದು ನಿಂತು, ಇವರ ಕೊನೆಯ ಪಗಾರ ಯಾವ ತಿಂಗಳದು, ಎಷ್ಟು, ಯಾರ ಸಹಿಯದು ಎಂದು ಕೇಳುತ್ತೇನೆ. ನೀವೂ ಬನ್ನಿ. ಒಬ್ಬನೇ ಕೇಳಿದರೆ ಹೊರಗೆ ಹಾಕುತ್ತಾರೆ.